ನನ್ನದೇ ವಾಕ್ಯ ಹೊತ್ತು ಬಂದ ಮೇಲ್

ಮೂವತ್ತೊಂದು ವರ್ಷ ನಾನು ಭತ್ಯೆ ಕಚೇರಿಯ ಕರಡು ವಿಭಾಗದಲ್ಲಿದ್ದೆ. ದುಡಿಯಲಾಗದವರಿಗೆ, ಗಂಡನನ್ನು ಕಳೆದುಕೊಂಡವರಿಗೆ, ವಯಸ್ಸಾದವರಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಹಣದ ಬಗ್ಗೆ ಯಾವ ಕಾಗದ ಹೊರಗೆ ಹೋಗಬೇಕಾದರೂ ಅದು ಮೊದಲು ನನ್ನ ಮೇಜಿನ ಮೇಲೆ ಹುಟ್ಟಬೇಕಿತ್ತು. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಚಾಳಿ ಬಿಟ್ಟಿಲ್ಲ. ಔಷಧಿ ಡಬ್ಬದ ಮೇಲಿನ ಸೂಚನೆಯನ್ನೂ ಮನಸ್ಸಿನಲ್ಲೇ ತಿದ್ದುತ್ತೇನೆ. ಮನೆ ಮಾಲೀಕರು ಮೆಟ್ಟಿಲ ಬಳಿ ಅಂಟಿಸಿದ ನೋಟಿಸಿನ ಪಕ್ಕದಲ್ಲಿ ಪೆನ್ಸಿಲಿನಿಂದ ಷರಾ ಬರೆದು ಬೈಸಿಕೊಂಡಿದ್ದೇನೆ. ಅದಕ್ಕೇ ಈ ಕಟ್ಟಡದಲ್ಲಿ ನನಗೆ ಷರಾ ಆಂಟಿ ಎಂಬ ಹೆಸರು ಬಿದ್ದಿದೆ. ಬೇಜಾರೇನಿಲ್ಲ, ಒಳಗೊಳಗೆ ಖುಷಿಯೇ.

ನಾನಿರುವುದು ಮೂರನೇ ಮಹಡಿಯಲ್ಲಿ. ನೆಲಮಹಡಿಯ ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ಅತ್ತಿಗೆ ಇದ್ದಾರೆ, ತೀರಿಕೊಂಡ ನನ್ನ ಅಣ್ಣನ ಹೆಂಡತಿ. ಅವರು ಇಪ್ಪತ್ತಾರು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಚೆಕಿಂಗ್ ಕೆಲಸ ಮಾಡಿದವರು. ಹೊಲಿದು ಬಂದ ಅಂಗಿಯನ್ನು ಒಳಗು ಹೊರಗು ಮಾಡಿ ನೋಡಿ, ತಪ್ಪಿದ್ದರೆ ಕೆಂಪು ಸ್ಟಿಕರ್ ಅಂಟಿಸಿ ವಾಪಸ್ ಎಸೆಯುವ ಕೆಲಸ. ದಿನಕ್ಕೆ ನೂರಾರು ಅಂಗಿ ತಿರುವಿ ತಿರುವಿ ಬಲಗೈ ಮಣಿಕಟ್ಟಿನ ನರ ಹೋಯಿತು. ಈಗ ಆ ಕೈಯಲ್ಲಿ ಲೋಟ ಹಿಡಿದರೂ ನಡುಗುತ್ತದೆ. ಕಚೇರಿಯಿಂದ ಬರುವ ಭತ್ಯೆಯಲ್ಲೇ ಅವರ ಬಾಡಿಗೆ, ಔಷಧಿ, ಊಟ ಎಲ್ಲ ನಡೆಯಬೇಕು.

ಅವರಿಗೊಬ್ಬ ಮಗನಿದ್ದಾನೆ. ಬೇರೆ ಊರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಒಳ್ಳೆಯ ಹುಡುಗನೇ, ಆದರೆ ತಾಯಿಯ ವಿಷಯದಲ್ಲಿ ಹಿಡಿದ ಹಟ ಬಿಡುವವನಲ್ಲ. 'ಕೋಣೆ ಖಾಲಿ ಮಾಡಿ ನಮ್ಮ ಜೊತೆ ಬಂದಿರು' ಎಂದು ಎರಡು ವರ್ಷದಿಂದ ಅವನ ರಾಗ. ಅತ್ತಿಗೆಗೆ ಹೋಗುವ ಮನಸ್ಸಿಲ್ಲ. ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದರು. ಭತ್ಯೆ ಸರಿಯಾಗಿ ಬರುವ ತನಕ, ಅತ್ತಿಗೆ ತನ್ನ ವ್ಯವಹಾರ ತಾನು ನೋಡಿಕೊಳ್ಳುವ ತನಕ, ಅವನು ಬಾಯಿ ತೆರೆಯುವ ಹಾಗಿಲ್ಲ. ಒಂದು ತಿಂಗಳು ಎಡವಟ್ಟಾದರೂ ಅವನು ಲಾರಿ ತಂದು ಸಾಮಾನು ತುಂಬುತ್ತಾನೆ. ಹಾಗೆಂದು ಅವನೇ ಹೇಳಿದ್ದ, ಅತ್ತಿಗೆ ತಲೆಯಾಡಿಸಿದ್ದರು.

ತಿಂಗಳ ಕೊನೆಯ ವಾರ, ಮಧ್ಯಾಹ್ನ ಎರಡು ಗಂಟೆಗೆ ಅತ್ತಿಗೆಯ ಫೋನ್ ಬಂತು.

"ಷರಾ, ಸ್ವಲ್ಪ ಕೆಳಗೆ ಬರ್ತೀಯಾ? ನಿಮ್ಮ ಕಚೇರಿಯಿಂದ ಏನೋ ಮೇಲ್ ಬಂದಿದೆ. ನನಗ್ಯಾಕೋ ಸರಿ ಕಾಣ್ತಿಲ್ಲ."

ನಾನು ಕನ್ನಡಕ ಹುಡುಕಿಕೊಂಡು ಇಳಿದೆ. ಅತ್ತಿಗೆ ಕಿಟಕಿ ಪಕ್ಕದ ಮೇಜಿನ ಮೇಲೆ ಫೋನನ್ನು ಮಲಗಿಸಿ, ಅದು ತಮ್ಮ ಮುಂದೆ ಬಂದ ಅಂಗಿಯೋ ಎಂಬಂತೆ ಬಗ್ಗಿ ನೋಡುತ್ತಿದ್ದರು. ಪರದೆಯ ಮೇಲೆ ಕಚೇರಿಯ ಲಾಂಛನ, ಕಚೇರಿಯ ನೀಲಿ ಪಟ್ಟಿ. ಅದರ ಕೆಳಗೆ ಮೊದಲ ಸಾಲು ಹೀಗಿತ್ತು: 'ಭತ್ಯೆಯು ನಿಮ್ಮ ಹಕ್ಕು; ಅದು ನಿಮ್ಮ ಕೈ ಸೇರುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ.'

ಓದಿದೊಡನೆ ನನ್ನ ಎದೆ ಉಬ್ಬಿತು. ಆ ವಾಕ್ಯ ನನ್ನದು. ಹದಿನೆಂಟು ವರ್ಷದ ಹಿಂದೆ ಕಚೇರಿಯ ಎಲ್ಲ ಕಾಗದಗಳೂ 'ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ' ಎಂದು ಗಂಟಲು ಸರಿ ಮಾಡಿಕೊಂಡು ಶುರುವಾಗುತ್ತಿದ್ದವು. ಓದುವವರು ಅಲ್ಲೇ ಹೆದರಿ ಅರ್ಧ ಸಾಯುತ್ತಿದ್ದರು. ಅದನ್ನು ಕಿತ್ತು ಹಾಕಿ ಈ ಒಂದು ಸಾಲು ಸೇರಿಸುವುದಕ್ಕೆ ಮೂವರು ಮೇಲಧಿಕಾರಿಗಳ ಹತ್ತಿರ ನಾನು ಜಗಳವಾಡಿದ್ದೆ. ಒಬ್ಬರಂತೂ 'ಇದು ಕಚೇರಿ ಕಣಮ್ಮ, ಧರ್ಮಛತ್ರ ಅಲ್ಲ' ಎಂದು ಕಡತವನ್ನು ನನ್ನ ಕಡೆ ತಳ್ಳಿದ್ದರು. ಆದರೂ ಬಿಡಲಿಲ್ಲ. ಕೊನೆಗೆ ಗೆದ್ದೆ. ನನ್ನ ಇಡೀ ನೌಕರಿಯಲ್ಲಿ ನಾನು ಉಳಿಸಿ ಬಂದದ್ದು ಅದೊಂದೇ ಸಾಲು ಎಂದರೂ ಸುಳ್ಳಲ್ಲ.

"ಇದು ನಮ್ಮ ಕಚೇರಿದೇ ಅತ್ತಿಗೆ. ನಾನೇ ಬರೆದಿದ್ದು ಇದನ್ನ!"

"ನೀನು ರಿಟೈರ್ ಆಗಿ ನಾಲ್ಕು ವರ್ಷ ಆಯ್ತಲ್ಲೇ."

"ವಾಕ್ಯ ರಿಟೈರ್ ಆಗಿಲ್ಲವಲ್ಲ!" ಎಂದೆ. ಆ ಹೊತ್ತಿನ ನನ್ನ ಜಂಭ ನೆನೆದರೆ ಈಗಲೂ ಮೈ ಮುದುಡುತ್ತದೆ.

ಉಳಿದ ಸಾಲುಗಳನ್ನು ಸರಸರನೆ ಓದಿದೆ. ವಾರ್ಷಿಕ ಪರಿಶೀಲನೆ ಬಾಕಿ ಇದೆ. ಇಂದು ಸಂಜೆ ಐದರೊಳಗೆ ಕೆಳಗಿನ ಲಿಂಕ್ ಒತ್ತಿ ವಿವರ ತುಂಬಬೇಕು. ತುಂಬದಿದ್ದರೆ ಈ ತಿಂಗಳಿನಿಂದಲೇ ಭತ್ಯೆ ನಿಲ್ಲುತ್ತದೆ. ಅತ್ತಿಗೆ ನನ್ನ ಮುಖವನ್ನೇ ನೋಡುತ್ತಿದ್ದರು.

"ಇವತ್ತು ಕಾಗದ ಕಳಿಸಿ ಇವತ್ತೇ ಸಂಜೆ ನಿಲ್ಲಿಸ್ತೀವಿ ಅಂತಾರಲ್ಲ, ನಿಮ್ಮ ಕಚೇರಿ ಯಾವತ್ತು ಇಷ್ಟು ಚುರುಕಾಗಿತ್ತು? ನನ್ನ ಮೊದಲನೇ ಭತ್ಯೆ ಬರೋಕೆ ಏಳು ತಿಂಗಳು ತಗೊಂಡಿದ್ರು."

ಮಾತು ಚುಚ್ಚಿತು. ಕಚೇರಿಯನ್ನು ಯಾರು ಬೈದರೂ ನನ್ನನ್ನೇ ಬೈದಂತಾಗುತ್ತದೆ. "ಈಗೆಲ್ಲ ಕಂಪ್ಯೂಟರ್ ಆಗಿದೆ ಅತ್ತಿಗೆ. ಹಳೇ ಕಾಲದಲ್ಲೇ ಇರಬೇಡಿ. ಕೊಡಿ ಇಲ್ಲಿ, ನಿಮ್ಮ ಕೈ ನಡುಗುತ್ತೆ, ನಾನೇ ತುಂಬ್ತೀನಿ."

ಲಿಂಕ್ ಒತ್ತಿದ್ದು ನಾನು. ಅವರ ಹೆಸರು, ಹುಟ್ಟಿದ ದಿನಾಂಕ, ಭತ್ಯೆ ಪುಸ್ತಕದ ನಂಬರ್, ಬ್ಯಾಂಕ್ ಖಾತೆ, ಎಲ್ಲ ತುಂಬಿದ್ದೂ ನಾನೇ. ಮುಂದಿನ ಪುಟ ಎಟಿಎಂ ಕಾರ್ಡಿನ ಮೇಲಿನ ನಂಬರ್ ಕೇಳಿತು. ಅತ್ತಿಗೆ ಕಾರ್ಡನ್ನು ತಂದರು, ಕೊಡದೆ ಹಿಡಿದುಕೊಂಡೇ ನಿಂತರು.

"ಒಂದು ಮಾತು ಕೇಳ್ತೀನಿ. ಇವರು ನನಗೆ ದುಡ್ಡು ಹಾಕೋರು ತಾನೇ? ಹಾಕೋರಿಗೆ ಖಾತೆ ನಂಬರ್ ಸಾಕು. ಕಾರ್ಡ್ ಇರೋದು ದುಡ್ಡು ತೆಗೆಯೋಕೆ. ಹಾಕೋರಿಗೆ ತೆಗೆಯೋ ಕಾರ್ಡ್ ಯಾಕೆ ಬೇಕು?"

ಉತ್ತರವಿಲ್ಲದಿದ್ದಾಗ ನಾನು ದನಿ ಏರಿಸುತ್ತೇನೆ, ಅದು ನನ್ನ ಹಳೆಯ ರೋಗ. "ಮೂವತ್ತೊಂದು ವರ್ಷ ಅಲ್ಲಿ ಮಣ್ಣು ಹೊತ್ತಿದೀನಾ ನಾನು? ಐದು ಗಂಟೆ ಆದ್ರೆ ಭತ್ಯೆ ನಿಲ್ಲುತ್ತೆ, ಆಮೇಲೆ ನಿಮ್ಮ ಮಗ ಲಾರಿ ತರ್ತಾನೆ. ನೋಡಿ, ನಿಮಗೆ ಬಿಟ್ಟಿದ್ದು!"

ಲಾರಿಯ ಮಾತೆತ್ತಬಾರದಿತ್ತು. ಅತ್ತಿಗೆಯ ಮುಖ ಸಣ್ಣದಾಯಿತು. ಕಾರ್ಡನ್ನು ಮೇಜಿನ ಮೇಲಿಟ್ಟರು. ನಾನು ನಂಬರನ್ನೂ ಹಿಂಬದಿಯ ಮೂರು ಅಂಕಿಯನ್ನೂ ಹೊಡೆದೆ. ಕೂಡಲೇ ಫೋನು ಟಿಂಗ್ ಎಂದಿತು. ಬ್ಯಾಂಕಿನಿಂದ ಓಟಿಪಿ ಬಂದಿತ್ತು. ಅಂಕಿ ಓದಿಕೊಳ್ಳಲು ಕೈ ಚಾಚಿದೆ. ಅತ್ತಿಗೆ ಎಡಗೈಯಲ್ಲಿ ಫೋನನ್ನು ಕಸಿದುಕೊಂಡು ಆ ಮೆಸೇಜನ್ನು ತಾವೇ ಓದಿದರು. ಆಮೇಲೆ ಫೋನನ್ನು ಕುರ್ಚಿಯ ಮೇಲಿಟ್ಟು ಅದರ ಮೇಲೆ ಕುಳಿತುಬಿಟ್ಟರು.

"ಯಾರಿಗೂ ಹೇಳಬೇಡಿ ಅಂತ ಬ್ಯಾಂಕಿನವರೇ ಬರೆದಿದ್ದಾರೆ. ಯಾರಿಗೂ ಅಂದ್ರೆ ನಿನಗೂ."

"ಏಳಿ ಅತ್ತಿಗೆ!"

"ಏಳಲ್ಲ. ಭತ್ಯೆ ನಿಂತರೆ ನಿಲ್ಲಲಿ."

ನನಗೆ ಮೈ ಉರಿಯಿತು. 'ಏನಾದರೂ ಮಾಡಿಕೊಳ್ಳಿ, ಆಮೇಲೆ ನನ್ನ ಹತ್ತಿರ ಅಳಬೇಡಿ' ಎಂದು ಬಾಗಿಲು ಬಡಿದುಕೊಂಡು ಮೇಲೆ ಬಂದೆ. ಅರವತ್ತನಾಲ್ಕು ವರ್ಷದ ಹೆಂಗಸು ಬಾಗಿಲು ಬಡಿಯುವುದು ನೋಡಲು ಚೆನ್ನಾಗಿರುವುದಿಲ್ಲ. ಆದರೂ ಬಡಿದೆ.

ಅರ್ಧ ಗಂಟೆಯೂ ಆಗಿರಲಿಲ್ಲ. ಅತ್ತಿಗೆ ಕಂಬಿ ಹಿಡಿದುಕೊಂಡು ಮೂರು ಮಹಡಿ ಹತ್ತಿ ಬಂದರು. ಏದುಸಿರು ಬಿಡುತ್ತಿದ್ದರು. ಮುಖದಲ್ಲಿ ಕೋಪವಿರಲಿಲ್ಲ, ಅದಕ್ಕೇ ನನಗೆ ಭಯವಾಯಿತು.

"ಒಳಗಡೆ ತಿರುಗಿಸಿ ನೋಡಿದೆ ಕಣೇ," ಎಂದರು.

ಕಳಿಸಿದವರ ಹೆಸರಿನ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಭತ್ಯೆ ಕಚೇರಿ ಎಂದಿತ್ತು. ಆ ಹೆಸರನ್ನು ಬೆರಳಿನಿಂದ ಒತ್ತಿ ತೋರಿಸಿದರು. ಹೆಸರಿನ ಹಿಂದೆ ಅಡಗಿದ್ದ ನಿಜವಾದ ವಿಳಾಸ ಕಾಣಿಸಿತು. ಅದರಲ್ಲಿ ಕಚೇರಿಯೂ ಇರಲಿಲ್ಲ, ಸರ್ಕಾರವೂ ಇರಲಿಲ್ಲ. ಯಾವುದೋ ಪಾದರಕ್ಷೆ ಅಂಗಡಿಯ ಹೆಸರು, ಅದರ ಹಿಂದೆ ಒಂದಷ್ಟು ಅಂಕಿ. ಲಿಂಕಿನ ಮೇಲೆ ಬೆರಳು ಒತ್ತಿ ಹಿಡಿದರೆ ಅದೂ ಬೇರೆಲ್ಲಿಗೋ ಹೋಗುತ್ತಿತ್ತು.

"ಹೊರಗಡೆ ಹೊಲಿಗೆ ಚೆನ್ನಾಗಿರುತ್ತೆ. ಕಳ್ಳ ಕೆಲಸ ಮಾಡಿದೋರು ಹೊರಗಡೆನೇ ಜಾಸ್ತಿ ಚೆನ್ನಾಗಿ ಮಾಡಿರ್ತಾರೆ. ಒಳಗಡೆ ದಾರ ಹಾಗೇ ಬಿಟ್ಟಿರ್ತಾರೆ," ಎಂದರು ಅತ್ತಿಗೆ.

ಯಾರೋ ನಮ್ಮ ಕಚೇರಿಯ ಹಳೆಯ ಕಾಗದವೊಂದನ್ನು ಎದುರಿಗಿಟ್ಟುಕೊಂಡು, ನನ್ನ ವಾಕ್ಯವನ್ನು ಎತ್ತಿ ತಮ್ಮ ಗಾಳಕ್ಕೆ ಸಿಕ್ಕಿಸಿದ್ದರು. ಬೇರೆ ಯಾರಾದರೂ ಆಗಿದ್ದರೆ ಒಂದು ಕ್ಷಣವಾದರೂ ಅನುಮಾನ ಪಡುತ್ತಿದ್ದರು. ನಾನು ಪಡಲಿಲ್ಲ. ಹೊಗಳಿಕೆ ಕೇಳಿದ ಹಾಗೆ ಕಣ್ಣು ಮುಚ್ಚಿಕೊಂಡು ಹೋಗಿ ಬಿದ್ದೆ. ನಾನೊಬ್ಬಳೇ ಬಿದ್ದಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು, ಅತ್ತಿಗೆಯನ್ನೂ ಎಳೆದುಕೊಂಡು ಬಿದ್ದಿದ್ದೆ.

"ಅಳೋದು ಆಮೇಲೆ. ಬ್ಯಾಂಕು ನಾಲ್ಕು ಗಂಟೆಗೆ ಮುಚ್ಚುತ್ತೆ. ಚಪ್ಪಲಿ ಹಾಕ್ಕೋ," ಎಂದರು.

ಕಾರ್ಡಿನ ಹಿಂದೆ ಬರೆದಿದ್ದ ನಂಬರಿಗೆ ಫೋನ್ ಮಾಡಿ ಕಾರ್ಡ್ ನಿಲ್ಲಿಸಿ ಎಂದು ಹೇಳುತ್ತಲೇ ಮೆಟ್ಟಿಲಿಳಿದೆವು. ಕೆಳಗೆ ನಿಂತಿದ್ದ ಮನೆ ಮಾಲೀಕರು ಎಲ್ಲ ಕೇಳಿಸಿಕೊಂಡರು. ಆ ಮೋಸದ ಮೇಲ್‌ನಲ್ಲೂ ಒಂದು ಸಹಾಯದ ನಂಬರ್ ಇತ್ತು. ಗಾಬರಿಯಲ್ಲಿ ನಾನು ಅದಕ್ಕೇ ಫೋನ್ ಹೊಡೆಯಲು ಹೋಗಿದ್ದೆ, ಅತ್ತಿಗೆ ಕೈ ತಡೆದರು. ಬ್ಯಾಂಕಿನಲ್ಲಿ ಗಾಜಿನ ಆ ಕಡೆ ಕುಳಿತಿದ್ದ ಹುಡುಗಿ ಖಾತೆ ನೋಡಿ, "ಏನೂ ಹೋಗಿಲ್ಲ ಅಮ್ಮ. ಓಟಿಪಿ ಕೊಟ್ಟಿದ್ರೆ ಕಷ್ಟ ಆಗ್ತಿತ್ತು," ಎಂದಳು. ನನಗೆ ಹೋದ ಜೀವ ಬಂದಂತಾಯಿತು. ಆದರೆ ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಭತ್ಯೆ ಪುಸ್ತಕದ ನಂಬರ್ ಕೂಡ ಕೊಟ್ಟಿದೀರಾ? ಹಾಗಾದ್ರೆ ಕಚೇರಿಗೂ ಹೋಗಿಬನ್ನಿ. ಆ ಕಳ್ಳರು ನಿಮ್ಮ ಹೆಸರಲ್ಲಿ ಭತ್ಯೆನ ಬೇರೆ ಖಾತೆಗೆ ತಿರುಗಿಸಿಕೊಳ್ಳಬಹುದು."

ಬ್ಯಾಂಕಿನ ಕೆಲಸ ಮುಗಿಸಿ ಹೊರಗೆ ಬರುವಷ್ಟರಲ್ಲಿ ಕಚೇರಿ ಮುಚ್ಚಿತ್ತು. ಆ ಸಂಜೆ ಅತ್ತಿಗೆ ಮಗನಿಗೆ ಫೋನ್ ಮಾಡಲಿಲ್ಲ. ಅವನಾಗಿಯೇ ಮಾಡಿದಾಗ 'ತಲೆನೋವು' ಎಂದು ಇಟ್ಟರು. ಅವರು ಸುಳ್ಳು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದು, ಅದೂ ನನ್ನಿಂದಾಗಿ.

ಮರುದಿನ ಬಾಗಿಲು ತೆರೆಯುವ ಮೊದಲೇ ನಾವು ಕಚೇರಿಯ ಮೆಟ್ಟಿಲ ಮೇಲಿದ್ದೆವು. ನಾಲ್ಕು ವರ್ಷದಲ್ಲಿ ಗೋಡೆಗೆ ಹೊಸ ಬಣ್ಣ ಬಂದಿತ್ತು, ಕುಂಟು ಕಾಲಿನ ಬೆಂಚು ಹಳೆಯದೇ. ಮೂವತ್ತೊಂದು ವರ್ಷ ಕಿಟಕಿಯ ಆ ಕಡೆ ಕುಳಿತವಳು ಮೊದಲ ಬಾರಿ ಈ ಕಡೆ ನಿಂತೆ. ಈ ಕಡೆಯಿಂದ ಕಿಟಕಿ ಎಷ್ಟು ಎತ್ತರದಲ್ಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅತ್ತಿಗೆ ತುದಿಗಾಲಲ್ಲಿ ನಿಂತು ಮಾತಾಡಬೇಕಾಯಿತು.

ಕಿಟಕಿಯಲ್ಲಿದ್ದ ಗುಮಾಸ್ತ ನಂಬರ್ ಹೊಡೆದು ನೋಡಿ ಹುಬ್ಬೇರಿಸಿದ. "ನಿನ್ನೆ ಮೂರೂಕಾಲಿಗೆ ಖಾತೆ ಬದಲಾವಣೆಗೆ ಅರ್ಜಿ ಹಾಕಿದೀರಲ್ಲಮ್ಮ? ಈ ತಿಂಗಳ ಭತ್ಯೆ ಹೊಸ ಖಾತೆಗೆ ಹಾಕಿ ಅಂತ."

ಅತ್ತಿಗೆ ಕಿಟಕಿಯ ಕಟ್ಟೆಯನ್ನು ಹಿಡಿದುಕೊಂಡರು.

"ನಾವು ಹಾಕಿಲ್ಲ! ಅದು ಪಾಸಾಗಿಬಿಡ್ತಾ?" ಎಂದು ನಾನು ಕೂಗಿದೆ.

"ಇಲ್ಲ, ಇನ್ನೂ ಮೇಡಂ ಹತ್ತಿರಾನೇ ಇದೆ. ಮೂರು ದಿನ ಆಗುತ್ತೆ, ಇಲ್ಲಿ ಯಾವುದು ಒಂದೇ ದಿನಕ್ಕೆ ಆಗುತ್ತೆ ಹೇಳಿ," ಎಂದ ಅವನು.

ನನ್ನ ಜನ್ಮದಲ್ಲಿ ನಮ್ಮ ಕಚೇರಿಯ ನಿಧಾನಕ್ಕೆ ಕೈ ಮುಗಿದದ್ದು ಅದೇ ಮೊದಲು. ಗುಮಾಸ್ತ ನಮ್ಮನ್ನು ಒಳಗೆ ಮೇಡಂ ಹತ್ತಿರ ಕಳಿಸಿದ. ಅವರು ನಾನು ಬಿಟ್ಟುಹೋದ ಮೇಲೆ ಬಂದ ಅಧಿಕಾರಿ, ಮೂವತ್ತೈದರ ಆಸುಪಾಸು. ಅತ್ತಿಗೆಯ ಗುರುತಿನ ಚೀಟಿ ನೋಡಿ, ಎದುರಿಗೇ ಸಹಿ ಹಾಕಿಸಿಕೊಂಡು, ಸುಳ್ಳು ಅರ್ಜಿಯನ್ನು ರದ್ದು ಮಾಡಿದರು. ಇನ್ನು ಮೇಲೆ ಖುದ್ದಾಗಿ ಬಂದು ಸಹಿ ಹಾಕದೆ ಈ ಖಾತೆ ಬದಲಾಗಬಾರದು ಎಂದು ಗುರುತು ಹಾಕಿದರು.

"ಒಂದನೇ ತಾರೀಕು ಹಣ ಬರುತ್ತಾ?" ಅತ್ತಿಗೆ ಕೇಳಿದರು.

"ಬರುತ್ತಮ್ಮ, ನಿಮ್ಮ ಖಾತೆಗೇ ಬರುತ್ತೆ. ಈ ವಾರ ಹೀಗೆ ಮೋಸ ಆಗಿ ಬಂದವರಲ್ಲಿ ನೀವು ಹನ್ನೊಂದನೆಯವರು. ಉಳಿದವರಲ್ಲಿ ನಾಲ್ಕು ಜನಕ್ಕೆ ಹಣ ಹೋದ ಮೇಲೇ ಗೊತ್ತಾಗಿದ್ದು." ಅವರು ಹಣೆ ಒತ್ತಿಕೊಂಡರು. "ಎಲ್ಲರೂ ಒಂದೇ ಮಾತು ಹೇಳ್ತಾರೆ. ಮೊದಲನೇ ಸಾಲು ನೋಡಿ ನಂಬಿದ್ವಿ, ಇಷ್ಟು ಮರ್ಯಾದೆಯಾಗಿ ಬರೆಯೋರು ಕಳ್ಳರು ಹೇಗಾಗ್ತಾರೆ ಅಂತ. ಆ ಸಾಲನ್ನೇ ನಮ್ಮ ಕಾಗದಗಳಿಂದ ತೆಗೆದುಹಾಕೋಣ ಅಂತಿದೀನಿ."

ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಆ ಸಾಲು ನನ್ನದು ಮೇಡಂ. ಇಲ್ಲೇ ಕರಡು ವಿಭಾಗದಲ್ಲಿದ್ದೆ. ನಾನು ಬರೆದಿದ್ದಕ್ಕೇ ನಾನೇ ಮೋಸ ಹೋದೆ. ಇವರು ಬೇಡ ಅಂದ್ರು, ನಾನೇ ಬೈದು ತುಂಬಿಸಿದೆ. ತೆಗೆದುಹಾಕಿ. ನನಗೇನೂ ಬೇಜಾರಿಲ್ಲ."

ಬೇಜಾರಿತ್ತು. ಅಷ್ಟರಲ್ಲಿ ಅತ್ತಿಗೆ ನಡುವೆ ಬಾಯಿ ಹಾಕಿದರು.

"ಯಾಕೆ ತೆಗೀಬೇಕು? ನನಗೆ ಕೈ ಹೋದ ವರ್ಷ, ಕೆಲಸ ಬಿಟ್ಟು ಮನೇಲಿ ಕೂತಾಗ, ಬೇಡಿ ತಿನ್ನೋ ಹಾಗಾಯ್ತಲ್ಲ ಅನ್ನಿಸಿತ್ತು. ಆಗ ನಿಮ್ಮ ಕಾಗದ ಬಂತು. ಹಕ್ಕು ಅಂತ ಬರೆದಿತ್ತು. ನಾನು ಅದನ್ನ ಎರಡು ಸಲ ಓದಿದೆ." ನನ್ನ ಕಡೆ ನೋಡದೆಯೇ ಹೇಳುತ್ತಿದ್ದರು. ಹದಿನೆಂಟು ವರ್ಷದಲ್ಲಿ ಯಾರೂ ನನಗೆ ಈ ಮಾತು ಹೇಳಿರಲಿಲ್ಲ, ಅತ್ತಿಗೆಯೂ ಹೇಳಿರಲಿಲ್ಲ. "ಕಳ್ಳ ಒಳ್ಳೆ ಅಂಗಿ ಹಾಕ್ಕೊಂಡು ಬಂದ ಅಂತ ನಾವೆಲ್ಲ ಅಂಗಿ ಬಿಚ್ಚಿ ಓಡಾಡೋಕಾಗುತ್ತಾ? ಸಾಲು ಇರಲಿ. ಅದರ ಕೆಳಗೆ ನೀವು ಏನೇನು ಕೇಳಲ್ಲ ಅಂತ ಬರೀರಿ. ನೀವು ಏನು ಕೇಳ್ತೀರಿ ಅಂತ ಹತ್ತು ಪುಟ ಬರೀತೀರಿ, ಏನು ಕೇಳಲ್ಲ ಅಂತ ಒಂದು ಸಾಲೂ ಇಲ್ಲ."

ಅಧಿಕಾರಿ ನಕ್ಕರು. ಆಮೇಲೆ ನಗು ನಿಲ್ಲಿಸಿ ಯೋಚಿಸಿದರು. ಆಮೇಲೆ ನನ್ನ ಕಡೆಗೆ ಒಂದು ಬಿಳಿ ಹಾಳೆ ಸರಿಸಿದರು.

ಆ ಮೇಜಿನ ಮೂಲೆಯಲ್ಲಿ ನಾವು ಮೂವರೂ ಕುಳಿತು ಒಂದೂವರೆ ಗಂಟೆ ಬರೆದೆವು. ನಾನು ಬರೆದೆ, ಅತ್ತಿಗೆ ಹೊಡೆದು ಹಾಕಿದರು. ನಾನು 'ಗೌಪ್ಯ ಮಾಹಿತಿಯನ್ನು ಹಂಚಿಕೊಳ್ಳತಕ್ಕದ್ದಲ್ಲ' ಎಂದು ಬರೆದರೆ ಅವರು, "ಇದನ್ನ ಓದಿ ನನ್ನಂಥೋರು ಏನು ಮಾಡಬೇಕು, ನಿಘಂಟು ತರಬೇಕಾ?" ಎಂದರು. ಕೊನೆಗೆ ಉಳಿದದ್ದು ಇಷ್ಟು:

'ನಾವು ನಿಮಗೆ ಹಣ ಹಾಕುವವರು. ಅದಕ್ಕೆ ನಿಮ್ಮ ಕಾರ್ಡಿನ ನಂಬರ್, ಪಿನ್, ಓಟಿಪಿ ನಮಗೆ ಬೇಡ. ಫೋನಿನಲ್ಲೂ ಕೇಳುವುದಿಲ್ಲ, ಮೇಲ್‌ನಲ್ಲೂ ಕೇಳುವುದಿಲ್ಲ. ಇವತ್ತೇ ಮಾಡದಿದ್ದರೆ ಭತ್ಯೆ ನಿಲ್ಲುತ್ತದೆ ಎಂದು ನಾವು ಹೆದರಿಸುವುದಿಲ್ಲ. ಹಾಗೆ ಹೆದರಿಸಿ ಮೇಲ್ ಬಂದರೆ ಅದರಲ್ಲಿರುವ ಲಿಂಕ್ ಒತ್ತಬೇಡಿ, ಅದರಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ. ನಿಮ್ಮ ಭತ್ಯೆ ಪುಸ್ತಕದ ಹಿಂದಿರುವ ನಂಬರಿಗೆ ಮಾಡಿ, ಇಲ್ಲವೇ ಕಿಟಕಿಗೆ ಬನ್ನಿ. ಈಗಾಗಲೇ ತುಂಬಿದ್ದರೆ ನಾಚಿಕೆ ಪಡಬೇಡಿ. ಮೊದಲು ಬ್ಯಾಂಕಿಗೆ, ಆಮೇಲೆ ನಮಗೆ, ತಕ್ಷಣ ತಿಳಿಸಿ.'

ನಾಚಿಕೆ ಪಡಬೇಡಿ ಎಂಬುದು ನಾನು ಸೇರಿಸಿದ್ದು. ಅದನ್ನು ಅತ್ತಿಗೆ ಹೊಡೆದು ಹಾಕಲಿಲ್ಲ. ಮಧ್ಯಾಹ್ನದೊಳಗೆ ಅದರ ಒಂದು ಪ್ರತಿ ಕಿಟಕಿಯ ಗಾಜಿನ ಮೇಲೆ ಬಂತು. ಕುಳ್ಳರಿಗೂ ಕಾಣುವ ಎತ್ತರದಲ್ಲಿ ಅಂಟಿಸಿ ಎಂದು ನಾನೇ ಎದುರು ನಿಂತು ಹಾಕಿಸಿದೆ.

ಒಂದನೇ ತಾರೀಕು ಬೆಳಿಗ್ಗೆ ಎಂಟಕ್ಕೇ ನಾನು ಅತ್ತಿಗೆಯ ಮನೆಯಲ್ಲಿದ್ದೆ. ಇಬ್ಬರೂ ಚಹಾ ಮುಂದಿಟ್ಟುಕೊಂಡು ಕುಳಿತೆವು, ಯಾರೂ ಕುಡಿಯಲಿಲ್ಲ. ಒಂಬತ್ತೂ ಹತ್ತಕ್ಕೆ ಬ್ಯಾಂಕಿನಿಂದ ಮೆಸೇಜ್ ಬಂತು. ಭತ್ಯೆ ಬಂದಿತ್ತು. ಅತ್ತಿಗೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಅತ್ತೇಬಿಟ್ಟೆ.

ಅದೇ ಹೊತ್ತಿಗೆ ಮಗನ ಫೋನ್ ಬಂತು. ಅತ್ತಿಗೆ ಸ್ಪೀಕರಿಗೆ ಹಾಕಿದರು. ಡಿಪೋದಲ್ಲಿ ಯಾವುದೋ ಬಸ್ಸಿನ ಇಂಜಿನ್ ಗುರುಗುಟ್ಟುತ್ತಿತ್ತು, ಅವನು ಅದಕ್ಕಿಂತ ಜೋರಾಗಿ ಗುರುಗುಟ್ಟಿದ.

"ಅಮ್ಮಾ, ಮನೆ ಮಾಲೀಕರು ಸಿಕ್ಕಿದ್ರು ಫೋನಲ್ಲಿ. ನೀನು ಯಾವುದೋ ಮೋಸದ ಮೇಲ್‌ಗೆ ಸಿಕ್ಕಿಹಾಕ್ಕೊಂಡು ಬ್ಯಾಂಕು ಕಚೇರಿ ಅಂತ ಓಡಾಡಿದ್ಯಂತೆ? ನನಗೊಂದು ಮಾತು ಹೇಳಲಿಲ್ಲ! ಸಾಕು. ಭಾನುವಾರ ಲಾರಿ ತರ್ತೀನಿ."

ತಪ್ಪು ನನ್ನದು ಎಂದು ಹೇಳಲು ಫೋನಿನ ಕಡೆ ಬಗ್ಗಿದೆ. ಅತ್ತಿಗೆ ಕೈಯೆತ್ತಿ ನನ್ನನ್ನು ತಡೆದರು.

"ಭತ್ಯೆ ಬಂತು ಕಣೋ, ಈಗ ತಾನೇ. ಖಾತೇಲಿ ಒಂದು ರೂಪಾಯಿನೂ ಕಮ್ಮಿ ಇಲ್ಲ. ಮೋಸ ಅಂತ ಕಂಡುಹಿಡಿದಿದ್ದು ನಾನು. ಸಿಕ್ಕಿಹಾಕ್ಕೊಂಡಿದ್ದು ನಾನಲ್ಲ, ನಿಮ್ಮತ್ತೆ."

ಆ ಕಡೆ ಇಂಜಿನ್ ನಿಂತಿತು. "ಯಾರು? ಷರಾ ಅತ್ತೆನಾ?"

"ಹೂಂ. ಮೂವತ್ತೊಂದು ವರ್ಷ ಅದೇ ಕಚೇರೀಲಿದ್ದವಳು. ಒಬ್ಬಳೇ ಇದ್ದಾಳೆ ಪಾಪ, ಯಾರು ಏನು ಬರೆದ್ರೂ ನಂಬ್ತಾಳೆ. ನಾನು ನಿನ್ನ ಜೊತೆ ಬಂದುಬಿಟ್ರೆ ಅವಳನ್ನ ನೋಡ್ಕೊಳ್ಳೋರು ಯಾರು?"

ಆ ಕಡೆ ಅವನು ಸ್ಪ್ಯಾನರ್ ಕೆಳಗಿಟ್ಟ ಸದ್ದಾಯಿತು. ಆಮೇಲೆ, "ಸರಿ, ಹಾಗಾದ್ರೆ ಅತ್ತೆನ ಹುಷಾರಾಗಿ ನೋಡ್ಕೋ," ಎಂದು ಫೋನಿಟ್ಟ.

ಅತ್ತಿಗೆ ತಣ್ಣಗಾದ ಚಹಾವನ್ನು ಎತ್ತಿಕೊಂಡು ಬಿಸಿ ಮಾಡಲು ಒಳಗೆ ಹೋದರು. ನಾನು ಕುಳಿತೇ ಇದ್ದೆ. ಇಷ್ಟು ವರ್ಷ ಅವರನ್ನು ನೋಡಿಕೊಳ್ಳುತ್ತಿರುವವಳು ನಾನು ಎಂದುಕೊಂಡಿದ್ದೆ.